ಜಗನ್ಮೋಹನ ಅರಮನೆಯ ಮೂಕ ವೀಣೆಗಳು

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನೋಡಹೋದವರಲ್ಲಿ ಬಹುಮಂದಿ ಮೊದಲು ವಿಚಾರಿಸುತ್ತ ಬಂದಿರುವುದು, ದೀಪ ಹಿಡಿದು ನಿಂತ ಹೆಂಗಸಿನ ಚಿತ್ರವೆಲ್ಲಿ ಎಂಬುದನ್ನು. ಬೆಳಕು ತಗ್ಗಿಸಿದ ಕೋಣೆಯಲ್ಲಿ ಆಕೆಯ ಬೆರಳುಗಳ ಸಂದಿನಿಂದ ಕೆಂಪಾಗಿ ಸೋರುವ ದೀಪಪ್ರಭೆಯನ್ನು ಕಂಡು, ಇದು ರವಿವರ್ಮರ ಕೈಚಳಕವೇ ಸರಿಯೆಂದು ತಲೆದೂಗುವವರು ಇಂದಿಗೂ ಉಂಟು. ಆದರೆ ಆ ಚಿತ್ರ ರವಿವರ್ಮರದಲ್ಲ. ಅವರು 1906ರಲ್ಲಿಯೇ ಕಾಲವಾದರು. ಅದಾದ ಸುಮಾರು ನಾಲ್ವತ್ತು ವರ್ಷಗಳ ಮೇಲೆ ಸಾವಂತವಾಡಿಯ ಎಸ್. ಎಲ್. ಹಳದಣಕರರು ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಅದನ್ನು ಜಲವರ್ಣದಲ್ಲಿ ಬರೆದರು. ಹೆಸರು ತಪ್ಪಿದರೂ ಚಿತ್ರವು ಮಾತ್ರ ಉಳಿದುಕೊಂಡಿದೆ. ನೋಡುವವರಿಗೆ ಅದರಿಂದ ನಷ್ಟವೇನೂ ಆಗಿಲ್ಲ.

ಹೀಗೆ ಕಣ್ಣು ತುಂಬಿಕೊಂಡವರು ಅದೇ ಕಟ್ಟಡದಲ್ಲಿ ಕೂಡಿಟ್ಟ ಹಳೆಯ ವಾದ್ಯಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದರಲ್ಲಿ ಅವರ ತಪ್ಪಾದರೂ ಏನು? ವೀಣೆಯು ನೋಡುವುದಕ್ಕಾಗಿ ಮಾಡಿದ ವಸ್ತುವಲ್ಲ. ಅದರ 24 ಮೆಟ್ಟುಗಳು ಮೇಣದ ಮೇಲೆ ಕೂರಿಸಲ್ಪಟ್ಟವು. ನುಡಿಸುವವರಿಲ್ಲದೆ ವರ್ಷಗಳು ಸರಿದರೆ ಮೇಣವು ಒಣಗಿ ಬಿರಿಯುತ್ತದೆ, ಮೆಟ್ಟು ಕದಲುತ್ತದೆ, ಸ್ವರಸ್ಥಾನವು ತಪ್ಪುತ್ತದೆ. ಬಲ್ಲವರೊಬ್ಬರು ಮರಳಿ ಮೇಳ ಕಟ್ಟಿದ ಹೊರತು ಅದು ವೀಣೆಯಾಗದು, ಕೆತ್ತನೆಯ ಮರವಾಗಿಯೇ ಇರುವುದು. ಚಿತ್ರವೂ ಸಂಗೀತವೂ ಮೈಸೂರಿನಲ್ಲಿ ಒಂದೇ ಆಸ್ಥಾನದ ಆಶ್ರಯದಲ್ಲಿ, ಒಂದೇ ಕಾಲದಲ್ಲಿ ಬೆಳೆದವು. ಚಿತ್ರವನ್ನು ಊರಿನವರಿಗೆ ಒಪ್ಪಿಸುವುದಕ್ಕೆ ಅರಮನೆಯ ಬಾಗಿಲು ತೆರೆದರೆ ಸಾಕಾಯಿತು. ಸಂಗೀತವು ಊರಿಗೆ ದೊರೆತ ಬಗೆ ಬೇರೆ. ಅದು ಅಷ್ಟು ಸುಲಭವಾಗಿಯೂ ಇರಲಿಲ್ಲ.

ಜಗನ್ಮೋಹನ ಅರಮನೆಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಎದ್ದಿತು. ಆ ಅರಸರ ಕೈಯಿಂದ ರಾಜ್ಯಭಾರವು 1831ರಲ್ಲಿಯೇ ಜಾರಿಹೋಗಿತ್ತೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ಕಂದಾಯ, ಸೈನ್ಯ, ನ್ಯಾಯ ಎಲ್ಲವೂ ಇಂಗ್ಲಿಷ್ ಕಮಿಷನರುಗಳ ವಶವಾದ ಮೇಲೆ, 1868ರಲ್ಲಿ ದೇಹ ಬಿಡುವವರೆಗಿನ ಮೂವತ್ತೇಳು ವರ್ಷಗಳಲ್ಲಿ, ಅವರಿಗೆ ಉಳಿದಿದ್ದ ರಾಜ್ಯವೆಂದರೆ ಗ್ರಂಥ, ಚಿತ್ರ, ಸಂಗೀತ ಮತ್ತು ಚದುರಂಗ ಗಂಜೀಫಗಳ ರಾಜ್ಯವೇ ಆಗಿತ್ತು. ದೇವತಾಮೂರ್ತಿಗಳ ಲಕ್ಷಣಗಳನ್ನು ಚಿತ್ರಸಹಿತವಾಗಿ ವಿವರಿಸುವ 'ಶ್ರೀತತ್ತ್ವನಿಧಿ' ಎಂಬ ಮಹಾಗ್ರಂಥವು ಅವರ ಆಶ್ರಯದಲ್ಲಿಯೇ ಸಿದ್ಧವಾಯಿತು. ಆಸ್ಥಾನದ ಚಿತ್ರಗಾರರು ಹುಣಿಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಲಿನಿಂದ ರೇಖೆ ಎಳೆದು, ಆಭರಣಗಳಿಗೂ ಸೆರಗಿನ ಅಂಚಿಗೂ ಸಫೇದದ ಸರಿಯಿಂದ ಸಣ್ಣ ಉಬ್ಬು ಕೊಟ್ಟು, ಅದರ ಮೇಲೆ ತೆಳುವಾದ ಚಿನ್ನದ ರೇಕನ್ನು ಹೊದಿಸುತ್ತಿದ್ದರು. ತಂಜಾವೂರಿನ ಚಿತ್ರಗಳಲ್ಲಿ ಚಿನ್ನವು ಎದ್ದು ಹೊಳೆಯುವುದು. ಮೈಸೂರಿನದರಲ್ಲಿ ಅದು ರೇಖೆಗೆ ಅಡಗಿ ನಡೆಯುವುದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಈ ಮಾತು ಒಪ್ಪಿಗೆಯಾದೀತು. ಅಧಿಕಾರ ಕಳೆದುಕೊಂಡ ಅರಸರು ತಮ್ಮ ವಂಶವೃಕ್ಷವನ್ನು ಈ ಅರಮನೆಯ ಗೋಡೆಗಳ ಮೇಲೆ ಬರೆಯಿಸಿದ್ದು ವಿನೋದಕ್ಕಾಗಿ ಮಾತ್ರವೇ ಇರಲಾರದು.

ಇದೇ ಅರಸರ ಮುಂದೆ ಬಾಲಕನೊಬ್ಬನು ಹಾಡಿದನೆಂದು ಮೈಸೂರಿನ ಸಂಗೀತಗಾರರ ಮನೆಗಳಲ್ಲಿ ಒಂದು ಕಥೆ ನಡೆದುಬಂದಿದೆ. ಶಿವರಾತ್ರಿಯ ಸಭೆಯಲ್ಲಿ ಪರಸ್ಥಳದ ವಿದ್ವಾಂಸರೊಬ್ಬರು ಹಾಡಿದ ಕಠಿನವಾದ ಪಲ್ಲವಿಗೆ ಉತ್ತರ ಕೊಡಲು ದೊಡ್ಡವರು ಹಿಂಜರಿಯುತ್ತಿರಲು, ಆಸ್ಥಾನದ ವೈಣಿಕರಾದ ಬಕ್ಷಿ ಚಿಕ್ಕರಾಮಪ್ಪನವರ ಮಗನು ಅದನ್ನು ತಾಳ ತಪ್ಪದೆ ಒಪ್ಪಿಸಿದನಂತೆ. ಪ್ರಭುಗಳು ಮೆಚ್ಚಿ ಮುತ್ತಿನ ಹಾರವನ್ನು ಅವನ ಕೊರಳಿಗೆ ಹಾಕಿದರಂತೆ. ಕಥೆಯಲ್ಲಿ ಉಪ್ಪುಖಾರ ಎಷ್ಟು ಸೇರಿದೆಯೋ ಬಲ್ಲವರಾರು! ಹುಡುಗನ ವಿಷಯ ಮಾತ್ರ ನಿಜ. 1852ರಲ್ಲಿ ಹುಟ್ಟಿದ ಆತನೇ ಮುಂದೆ ವೀಣೆ ಶೇಷಣ್ಣನವರೆಂದು ಪ್ರಖ್ಯಾತರಾದರು.

1881ರಲ್ಲಿ ರಾಜ್ಯವು ಮರಳಿ ಒಡೆಯರ ವಂಶಕ್ಕೆ ಬಂದು, ಚಾಮರಾಜೇಂದ್ರ ಒಡೆಯರವರು ರಾಜ್ಯಾಧಿಕಾರವನ್ನು ವಹಿಸಿಕೊಂಡರು. ಅವರು ಬದುಕಿದ್ದು ಮೂವತ್ತೊಂದು ವರ್ಷಗಳು ಮಾತ್ರ; 1894ರಲ್ಲಿ ತೀರಿಕೊಂಡರು. ಆ ಅಲ್ಪಾವಧಿಯಲ್ಲಿಯೇ ರವಿವರ್ಮರನ್ನು ಮೈಸೂರಿಗೆ ಬರಮಾಡಿಕೊಂಡದ್ದೂ, ಶೇಷಣ್ಣನವರಿಗೂ ವೀಣೆ ಸುಬ್ಬಣ್ಣನವರಿಗೂ ಆಸ್ಥಾನದಲ್ಲಿ ಹಿರಿಯ ಮನ್ನಣೆ ದೊರೆತದ್ದೂ, ವಾಸುದೇವಾಚಾರ್ಯರೆಂಬ ತರುಣರನ್ನು ತಿರುವಯ್ಯಾರಿಗೆ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರಲ್ಲಿ ಸಂಗೀತ ಕಲಿಯಲು ಸಂಸ್ಥಾನದ ವೆಚ್ಚದಲ್ಲಿ ಕಳುಹಿಸಿದ್ದೂ ನಡೆದವು. ಮಹಾರಾಜರು ತಾವೂ ಪಿಟೀಲನ್ನು ಅಭ್ಯಾಸ ಮಾಡಿದ್ದರು.

ಶೇಷಣ್ಣನವರ ವಾದನವನ್ನು ಬಣ್ಣಿಸಿದವರೆಲ್ಲರೂ ಅವರ ಮೀಟಿನ ವಿಷಯವನ್ನು ಹೇಳದೆ ಬಿಟ್ಟಿಲ್ಲ. ಕಂಠವನ್ನು ಅನುಕರಿಸುತ್ತ ತಂತಿಯನ್ನು ಎಳೆದೆಳೆದು ನುಡಿಸುವ ಪದ್ಧತಿಯೊಂದು. ಬಲಗೈಯ ಬೆರಳುಗಳ ಸ್ಪಷ್ಟವಾದ ಮೀಟಿನಿಂದ ವಾದ್ಯದ ಸ್ವಂತ ಗುಣವನ್ನೇ ಮುಂದಿಡುವ ಪದ್ಧತಿಯೊಂದು. ಮೈಸೂರು ಬಾನಿಯೆಂದು ಹೆಸರಾದುದು ಈ ಎರಡನೆಯದು; ಅದಕ್ಕೆ ಪೂರ್ಣಸ್ವರೂಪ ಬಂದದ್ದು ಶೇಷಣ್ಣನವರ ಬೆರಳುಗಳಲ್ಲಿ. ಬರೋಡೆಯ ಮಹಾರಾಜರು ಅವರಿಗೆ ಪಲ್ಲಕ್ಕಿಯ ಮರ್ಯಾದೆಯನ್ನು ದಯಪಾಲಿಸಲು, ಅವರು ವೀಣೆಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ ತಾವು ಪಕ್ಕದಲ್ಲಿ ನಡೆದು ಬಂದರೆಂಬ ಇನ್ನೊಂದು ಕಥೆಯೂ ಇದೆ. ಮನುಷ್ಯನನ್ನು ಬಿಟ್ಟು ವಾದ್ಯಕ್ಕೆ ಮರ್ಯಾದೆ ಸಲ್ಲಿಸುವುದು ಅವರಿಗೆ ಒಪ್ಪಬಹುದಾದ ನಡೆಯಾಗಿತ್ತು. ಆ ಮರ್ಯಾದೆಯು ವಸ್ತುಸಂಗ್ರಹಾಲಯದಲ್ಲಿ ಇನ್ನೊಂದು ಬಗೆಯಾಗಿ ನೆರವೇರುವುದೆಂದು ಅವರು ಎಣಿಸಿದ್ದಿಲ್ಲ.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಮಯದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ತಗುಲಿ ಬಹುಭಾಗ ಸುಟ್ಟುಹೋಯಿತು. ಹೊಸ ಅರಮನೆಯು ಹೆನ್ರಿ ಇರ್ವಿನ್ನರ ಯೋಜನೆಯಂತೆ 1912ರಲ್ಲಿ ಮುಗಿಯುವವರೆಗೂ ರಾಜಪರಿವಾರಕ್ಕೆ ಜಗನ್ಮೋಹನವೇ ಆಸರೆಯಾಯಿತು. ಹೊಸ ಕಟ್ಟಡಕ್ಕೆ ತಗಲಿದ ವೆಚ್ಚ 41,47,913 ರೂಪಾಯಿಗಳೆಂದು ಲೆಕ್ಕ. ಈ ನಡುವೆ, 1902ರ ಆಗಸ್ಟಿನಲ್ಲಿ, ವೈಸರಾಯ್ ಕರ್ಜನರ ಸಮ್ಮುಖದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅಧಿಕಾರ ವಹಿಸಿಕೊಂಡದ್ದು ಜಗನ್ಮೋಹನದ ಸಭಾಮಂಟಪದಲ್ಲಿಯೇ. ರಾಜಸಂಸಾರವು ಹೊಸ ಅರಮನೆಗೆ ತೆರಳಿದ ಮೇಲೆ, 1915ರಲ್ಲಿ, ಹಿಂದಿನ ಈ ಅರಮನೆಯು ಚಿತ್ರಶಾಲೆಯಾಯಿತು. ರವಿವರ್ಮರ ತೈಲಚಿತ್ರಗಳೂ, ಮುಮ್ಮಡಿಯವರ ಕಾಲದ ಪಟಗಳೂ, ವಾದ್ಯಗಳೂ, ಗಡಿಯಾರಗಳೂ ಒಂದೆಡೆ ಕೂಡಿದವು. ಅರಸರ ಕಣ್ಣಿಗೆ ಮಾತ್ರ ಮೀಸಲಾಗಿದ್ದ ದಮಯಂತಿಯೂ ಶಕುಂತಲೆಯೂ ಅಂದಿನಿಂದ ಸಂತೆಗೆ ಬಂದ ರೈತನಿಗೂ ಶಾಲೆಯ ಮಕ್ಕಳಿಗೂ ದರ್ಶನವಿತ್ತರು.

ಸಂಗೀತಕ್ಕೆ ಅಂತಹ 1915ನೆಯ ಇಸವಿಯೊಂದು ಇರಲಿಲ್ಲ. ನಾಲ್ವಡಿಯವರ ಆಸ್ಥಾನದಲ್ಲಿ ಸಂಗೀತವು ಹಿಂದೆಂದೂ ಕಾಣದ ಸಮೃದ್ಧಿಯಲ್ಲಿತ್ತೆಂಬುದು ನಿಜವೇ. ಸ್ವತಃ ಹಲವು ವಾದ್ಯಗಳನ್ನು ಬಲ್ಲ ಪ್ರಭುಗಳು, ಶೇಷಣ್ಣ, ಸುಬ್ಬಣ್ಣ, ವಾಸುದೇವಾಚಾರ್ಯರಂಥ ವಿದ್ವಾಂಸರು, ಚಾಮುಂಡಾಂಬೆಯ ಅಷ್ಟೋತ್ತರಕ್ಕೆ ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದ ಮುತ್ತಯ್ಯ ಭಾಗವತರು, ಹಿಂದೂಸ್ತಾನಿಯ ಉಸ್ತಾದರು, ಪಾಶ್ಚಾತ್ಯ ವಾದ್ಯವೃಂದ. ಆದರೆ ಅರಮನೆಯ ಕಚೇರಿಯು ಆಹ್ವಾನಿತರ ಕಚೇರಿ. ಅಲ್ಲಿ ನುಡಿದದ್ದು ಅಲ್ಲಿಯೇ ಮುಗಿಯುವುದು; ಮರುದಿನ ಬಾಗಿಲು ತೆರೆದರೂ ಒಳಗೆ ಏನೂ ಇರದು. ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲೆ 1930ರ ದಸರಾ ಮೆರವಣಿಗೆಯನ್ನು ತೋರಿಸುವ 26 ಚಿತ್ರಗಳಿವೆ. ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು 1934ರಿಂದ 1945ರವರೆಗೆ ಚಿತ್ರಗಾರರು ದುಡಿದು ಬರೆದ ಆ ಸಾಲಿನಲ್ಲಿ ಆನೆ, ಕುದುರೆ, ಬಿರುದಾವಳಿ ಎಲ್ಲವೂ ಚಾಚೂ ತಪ್ಪದೆ ಸಾಗುತ್ತವೆ. ಸದ್ದು ಮಾತ್ರ ಇಲ್ಲ.

ಊರಿನವರ ಕಿವಿಗೆ ಸಂಗೀತವನ್ನು ಮುಟ್ಟಿಸುವ ಕೆಲಸವನ್ನು ಮೊದಲು ಕೈಗೊಂಡವರಲ್ಲಿ ಬಿಡಾರಂ ಕೃಷ್ಣಪ್ಪನವರ ಹೆಸರು ಮುಖ್ಯವಾದುದು. 1866ರಲ್ಲಿ ಜನಿಸಿದ ಇವರು ಅಂದಿನ ದಕ್ಷಿಣ ಕನ್ನಡದ ನಂದಳಿಕೆಯವರು, ಎಂದರೆ ಮುದ್ದಣ ಕವಿಯ ಊರಿನವರು. ಬಡತನದಲ್ಲಿ ಬೆಳೆದು, ಮೈಸೂರಿಗೆ ಬಂದು, ಆಸ್ಥಾನ ವಿದ್ವಾಂಸರಾದ ಮೇಲೂ ಅವರು ಅರಮನೆಯ ಸಭೆಯೊಂದನ್ನೇ ನೆಚ್ಚಲಿಲ್ಲ. ಕಚೇರಿಯಲ್ಲಿ ತೆಲುಗು ಕೃತಿಗಳಿಗೇ ಪಟ್ಟ ಸಲ್ಲುತ್ತಿದ್ದ ಕಾಲದಲ್ಲಿ ದೇವರನಾಮಗಳನ್ನು ತುಂಬು ಗೌರವದಿಂದ ಹಾಡಿ, ಅರ್ಥ ತಿಳಿಯುವ ಮಾತಿಗೆ ರಾಗದ ಘನತೆಯನ್ನು ತಂದರು. ತಾವು ಸಂಪಾದಿಸಿದ ಹಣವನ್ನು ಸುರಿದು ನಗರದಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಗಾಯಕನೊಬ್ಬನು ತನ್ನ ಗಳಿಕೆಯಿಂದ ದೇವರಿಗೆ ಗುಡಿಯನ್ನೂ ಕೇಳುವವರಿಗೆ ನೆರಳನ್ನೂ ಒಟ್ಟಿಗೆ ಮಾಡಿದ ನಿದರ್ಶನಗಳು ಕನ್ನಡನಾಡಿನಲ್ಲಿ ಬಹಳವಿಲ್ಲ. ರಾಮನ ಮುಂದೆ ಹಾಡಿದುದನ್ನು ಕೇಳಲು ಯಾರ ಆಹ್ವಾನವೂ ಬೇಕಿರಲಿಲ್ಲ. 1931ರಲ್ಲಿ ಕೃಷ್ಣಪ್ಪನವರು ತೀರಿಕೊಂಡರು. ಮಂದಿರದಲ್ಲಿ ಸಂಗೀತವು ನಿಲ್ಲಲಿಲ್ಲ.

ಅವರ ಶಿಷ್ಯರಾದ ಟಿ. ಚೌಡಯ್ಯನವರು ಇದೇ ಕಾರ್ಯದ ಇನ್ನೊಂದು ತೊಡಕನ್ನು ಎದುರಿಸಿದರು. ಅರಮನೆಯ ಅಂಕಣದಲ್ಲಿ ಕೆಲವೇ ಜನರ ಮುಂದೆ ನುಡಿಸುವ ಪಿಟೀಲು ಇಂಪಾಗಿ ಕೇಳಿಸುವುದು. ಸಾವಿರ ಜನ ಸೇರಿದ ಚಪ್ಪರದಲ್ಲಿ, ಧ್ವನಿವರ್ಧಕವಿನ್ನೂ ಬಾರದ ದಿನಗಳಲ್ಲಿ, ಹಿಂದಿನ ಸಾಲಿನವನಿಗೆ ಅದು ಕೈಯಾಡುವ ನೋಟ ಮಾತ್ರ. ಚೌಡಯ್ಯನವರು ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರನ್ನು ಜೋಡಿಯಾಗಿ ಸೇರಿಸಿ ಏಳು ತಂತಿಗಳ ಪಿಟೀಲನ್ನು ಮಾಡಿಕೊಂಡರು. ಶುದ್ಧಾಂತಃಕರಣದ ಕೆಲವರು ಮೂಗು ಮುರಿದದ್ದೂ ಉಂಟು. ಆದರೆ ನಾದವು ಚಪ್ಪರದ ತುದಿಯನ್ನು ಮುಟ್ಟಿತು. ಕೇಳುವವರು ಬದಲಾದರೆ ವಾದ್ಯದ ಮೈಯೇ ಬದಲಾಗಬೇಕಾಗುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಚಿತ್ರ ಸಂಗೀತಗಳ ಈ ಎರಡು ದಡಗಳ ನಡುವೆ ಒಬ್ಬರು ತಮ್ಮ ಬಾಳನ್ನೇ ಸೇತುವೆಯಾಗಿಸಿದರು. ಕೆ. ವೆಂಕಟಪ್ಪನವರು 1886ರಲ್ಲಿ ಆಸ್ಥಾನದ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ನಾಲ್ವಡಿಯವರು ಅವರ ಕೈಗುಣವನ್ನು ಗಮನಿಸಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯತ್ವವೂ ನಂದಲಾಲ ವಸುಗಳ ಸಹವಾಸವೂ ದೊರೆತವು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥವು 1913ರಲ್ಲಿ ಹೊರಬಂದಾಗ ಅದರ ಚಿತ್ರಗಾರರಲ್ಲಿ ಈ ಮೈಸೂರಿನ ತರುಣರೂ ಒಬ್ಬರಾಗಿದ್ದರು. ವಂಗದೇಶದಲ್ಲಿ ಹೆಸರು ಗಳಿಸಿ ಊರಿಗೆ ಹಿಂದಿರುಗಿದವರು ಮಾಡಿದ್ದೇನು? ಕುಂಚವನ್ನು ಬದಿಗಿಟ್ಟು ಶೇಷಣ್ಣನವರ ಮುಂದೆ ವೀಣೆ ಹಿಡಿದು ಕುಳಿತರು. ಮೂವತ್ತು ದಾಟಿದ ವಯಸ್ಸಿನಲ್ಲಿ, ಕೈಗೆ ಬಂದ ಕೀರ್ತಿಯನ್ನು ಕೈಬಿಟ್ಟು, ಹುಡುಗರು ಕಲಿಯುವ ಸರಳೆ ವರಸೆಗಳಿಂದ ಹೊಸದಾಗಿ ತೊಡಗುವ ಚಿತ್ರಗಾರನನ್ನು ಕಂಡು ಸ್ನೇಹಿತರು ಮರುಗಿದ್ದರೆ ಆಶ್ಚರ್ಯವಿಲ್ಲ. ಆ ಮರುಕಕ್ಕೆ ಉತ್ತರವೆಂಬಂತೆ ವೆಂಕಟಪ್ಪನವರೇ ಮುಂದೆ ತಮ್ಮ 'ವೀಣೆಯ ಹುಚ್ಚ'ನ್ನು ವಿಷಯವಾಗಿಟ್ಟುಕೊಂಡು ಒಂದು ಚಿತ್ರವನ್ನು ಬರೆದು, ತಮ್ಮನ್ನು ತಾವೇ ನಕ್ಕರು.

ಅವರ ಈ ನಡೆಯನ್ನು ಹುಚ್ಚೆಂದು ತಳ್ಳಿಬಿಡಲಾಗದು. ಚಿತ್ರಗಾರರ ಮನೆಯಲ್ಲಿ ಹುಟ್ಟಿದವರಿಗೆ ಚಿತ್ರವು ಬರೆದವನನ್ನು ಬಿಟ್ಟು ಬೇರೆಯಾಗಿ ಬಾಳುವುದೆಂಬುದು ತಿಳಿದಿತ್ತು. ಶೇಷಣ್ಣನವರ ನಾದಕ್ಕೆ ಆ ಭಾಗ್ಯವಿರಲಿಲ್ಲ. ಅದು ಅವರ ಬೆರಳುಗಳಲ್ಲಿ ಇರುವಷ್ಟು ದಿನ ಮಾತ್ರ ಇತ್ತು. 1926ರಲ್ಲಿ ಶೇಷಣ್ಣನವರು ಕಾಲವಾದರು. ಅದಕ್ಕೆ ಮುಂಚೆ ಅವರ ಎದುರಿಗೆ ಕುಳಿತವರಿಗೆ ಮಾತ್ರ ಅದು ದಕ್ಕಿತು. ವೆಂಕಟಪ್ಪನವರು ಅಂಥವರಲ್ಲಿ ಒಬ್ಬರಾದರು. ಆಮೇಲೆ ಅವರು ಕುಂಚಕ್ಕೆ ಮರಳಿ, ಉದಕಮಂಡಲ ಕೋಡೈಕಾನಲುಗಳ ಮಂಜು, ಕೆರೆ, ಮುಗಿಲುಗಳನ್ನು ಜಲವರ್ಣದಲ್ಲಿ ಹಿಡಿದರು. ಅರಮನೆಗಾಗಿ ಗಾರೆಯ ಉಬ್ಬುಚಿತ್ರಗಳನ್ನೂ ಮಾಡಿದರು. 1940ರಲ್ಲಿ ನಾಲ್ವಡಿಯವರು ಸ್ವರ್ಗಸ್ಥರಾದ ಬಳಿಕ ಮೈಸೂರನ್ನು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದರು. ಮದುವೆಯಾಗದೆ, ಮಂದಿಯೊಡನೆ ಹೆಚ್ಚಾಗಿ ಬೆರೆಯದೆ, 1965ರವರೆಗೆ ಬದುಕಿದರು. ಅವರ ಹೆಸರಿನ ಚಿತ್ರಶಾಲೆಯು ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ವಸ್ತುಸಂಗ್ರಹಾಲಯದ ನೆರೆಯಲ್ಲಿ 1970ರ ದಶಕದಲ್ಲಿ ಏರ್ಪಟ್ಟಿತು. ಅವರ ಚಿತ್ರಗಳಿಗೆ ಹೀಗೆ ಒಂದು ಮನೆ ದೊರೆಯಿತು. ಅವರ ವೀಣಾವಾದನಕ್ಕೆ ದೊರೆಯಲಿಲ್ಲ.

ನಾದವನ್ನು ಹಿಡಿದಿಡುವ ಯಂತ್ರವು ಆ ವೇಳೆಗೆ ಇರಲಿಲ್ಲವೇ ಎಂದು ವಾಚಕರು ಕೇಳಬಹುದು. ಇತ್ತು. ನಾಲ್ವಡಿಯವರು ಜಗನ್ಮೋಹನದಲ್ಲಿ ಅಧಿಕಾರ ಸ್ವೀಕರಿಸಿದ 1902ರಲ್ಲಿಯೇ, ನವೆಂಬರ್ ತಿಂಗಳಲ್ಲಿ, ಕಲ್ಕತ್ತೆಯಲ್ಲಿ ಗೋಹರ್ ಜಾನ್ ಎಂಬ ಗಾಯಕಿಯು ಗ್ರಾಮಫೋನಿನ ಕೊಳವೆಯ ಮುಂದೆ ಹಾಡಿದಳು. ಮೂರು ನಿಮಿಷಗಳೊಳಗೆ ರಾಗವನ್ನು ಮುಗಿಸಿ, ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಬೇಕು. ಮುದ್ರಿಕೆಯನ್ನು ಅಚ್ಚುಮಾಡುವ ಜರ್ಮನಿಯ ಹ್ಯಾನೋವರಿನ ಕೆಲಸಗಾರರಿಗೆ ಹಾಡಿದವರಾರೆಂದು ತಿಳಿಯಲಿಕ್ಕಾಗಿ ಈ ಏರ್ಪಾಡು. ಭಾರತವೆಲ್ಲ ಆಕೆಯ ಕಂಠವನ್ನು ಕೇಳಿತು. ಸಂಪತ್ತು ಬಂದಂತೆಯೇ ಹೋಯಿತು. 1928ರಲ್ಲಿ ಮೈಸೂರು ಅರಮನೆಯು ಆಕೆಯನ್ನು ಗಾಯಕಿಯಾಗಿ ನೇಮಿಸಿಕೊಂಡಿತು. ಎರಡು ವರ್ಷವೂ ತುಂಬುವುದರೊಳಗೆ, 1930ರ ಜನವರಿ 17ರಂದು, ಆಕೆ ಇದೇ ನಗರದಲ್ಲಿ ಕಣ್ಣು ಮುಚ್ಚಿದಳು. ಮನೆ, ಮಂದಿ, ಹಣ ಒಂದೂ ಜೊತೆಗೆ ಉಳಿಯದಿದ್ದ ಆಕೆಗೆ ಕಂಠವೊಂದು ಉಳಿಯಿತು, ಅದೂ ಮೂರು ಮೂರು ನಿಮಿಷಗಳ ತುಣುಕುಗಳಾಗಿ. ರಾಗವನ್ನು ಒಂದು ಗಳಿಗೆ ವಿಸ್ತರಿಸುವ ವಿದ್ವಾಂಸರಿಗೆ ಆ ತಟ್ಟೆಯು ಸಾಲದಾಗಿತ್ತು.

ಇದಕ್ಕಿಂತ ದೊಡ್ಡದಾದ ಬಾಗಿಲನ್ನು ತೆರೆದವರು ಅರಸರೂ ಅಲ್ಲ, ಸಂಗೀತಗಾರರೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ಅವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಸಣ್ಣ ಪ್ರೇಷಕವೊಂದನ್ನು ಸ್ಥಾಪಿಸಿ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಮನೆಯಲ್ಲಿ ಉರಿಸುವ ಒಂದು ದೀಪಕ್ಕೆ ಬೇಕಾಗುವಷ್ಟು ಶಕ್ತಿ ಅದು! ಆ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾದುದು ಎಲ್ಲರಿಗೂ ತಿಳಿದ ವಿಷಯ. ನಿಲಯವು ಕೆಲವು ವರ್ಷಗಳ ಮೇಲೆ ಸಂಸ್ಥಾನದ ಸರ್ಕಾರಕ್ಕೂ, 1950ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿತು.

ಬಾಗಿಲು ಹೀಗೆ ತೆರೆಯುತ್ತಿದ್ದಂತೆಯೇ ಆಶ್ರಯದಾತರ ಕಾಲವು ಮುಗಿಯುತ್ತ ಬಂದಿತ್ತು. ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರವರು ಸ್ವತಃ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ಪಳಗಿದವರು. ರಷ್ಯದ ಮೆಟ್ನರ್ ಎಂಬ ರಚನಕಾರರು ಲಂಡನ್ನಿನಲ್ಲಿ ರೋಗದಿಂದಲೂ ಬಡತನದಿಂದಲೂ ಕೊರಗುತ್ತಿರಲು, ಅವರ ಕೃತಿಗಳನ್ನು ಮುದ್ರಿಕೆಗಳಾಗಿ ಹೊರತರಲು ಹಣವಿತ್ತವರು ಈ ಮೈಸೂರಿನ ಒಡೆಯರು. ಆದರೆ ಸಂಸ್ಥಾನವು ಭಾರತದಲ್ಲಿ ಲೀನವಾದ ಮೇಲೆ ಆಸ್ಥಾನ ವಿದ್ವಾಂಸರೆಂಬ ಬಿರುದಿನ ಹಿಂದಿದ್ದ ಸಂಬಳವು ಮೆಲ್ಲನೆ ಕರಗಿತು. ವಾಸುದೇವಾಚಾರ್ಯರು ಎಂಬತ್ತು ದಾಟಿದ ಮೇಲೆ ಮದರಾಸಿನ ಕಲಾಕ್ಷೇತ್ರಕ್ಕೆ ತೆರಳಿ ಅಲ್ಲಿ ಪಾಠ ಹೇಳಿದರು, 1961ರಲ್ಲಿ ತೀರಿಕೊಂಡರು.

ಶೇಷಣ್ಣನವರ ಮೀಟು ಎಲ್ಲಿ ಹೋಯಿತು? ಅವರ ಶಿಷ್ಯರಲ್ಲಿ ವೀಣೆ ವೆಂಕಟಗಿರಿಯಪ್ಪನವರೆಂಬವರು ಪ್ರಮುಖರು. ಕಟ್ಟುನಿಟ್ಟಿನ ಗುರುಗಳಾದ ಅವರು 1952ರವರೆಗೆ ಜೀವಿಸಿದ್ದರು. ಅವರ ಎದುರಿಗೆ ಬಾಲ್ಯದಲ್ಲಿಯೇ ವೀಣೆ ಹಿಡಿದು ಕುಳಿತವರು 1920ರಲ್ಲಿ ಹುಟ್ಟಿದ ದೊರೆಸ್ವಾಮಿ ಅಯ್ಯಂಗಾರ್ಯರು. ಹುಡುಗರಾಗಿರುವಾಗಲೇ ಅರಮನೆಯಲ್ಲಿ ನುಡಿಸಿ ಸೈ ಎನಿಸಿಕೊಂಡ ಅವರು ಆಸ್ಥಾನವು ಮುಗಿದ ಕಾಲಕ್ಕೆ ಪ್ರೌಢರಾದರು. ಮೈಸೂರಿನ ಬಾನುಲಿ ನಿಲಯವು 1955ರಲ್ಲಿ ಬೆಂಗಳೂರಿಗೆ ಹೋದಾಗ ಅವರೂ ಅಲ್ಲಿನ ಆಕಾಶವಾಣಿಯನ್ನು ಸೇರಿ ಸಂಗೀತವಿಭಾಗದಲ್ಲಿ ದುಡಿದರು. ಹೀಗೆ ಜಗನ್ಮೋಹನದ ಸಭೆಯಲ್ಲಿ ಆಹ್ವಾನಿತರು ಮಾತ್ರ ಕೇಳಿದ್ದ ಬಾನಿಯು, ಎರಡು ತಲೆಮಾರುಗಳನ್ನು ಮಡಿಲಿಂದ ಮಡಿಲಿಗೆ ದಾಟಿ, ಬೆಳಗಿನ ಹೊತ್ತು ಅಡಿಗೆಮನೆಯಲ್ಲಿ ಒಲೆ ಹಚ್ಚುತ್ತಿದ್ದ ಗೃಹಿಣಿಯ ಕಿವಿಗೂ ಬಿದ್ದಿತು. ಹಿಂದೆ ಪಲ್ಲಕ್ಕಿಯಲ್ಲಿ ಕುಳಿತು ಬಂದಿತೆಂದು ಹೇಳುವ ವೀಣೆಯು ಈಗ ಮನೆಯ ಗೂಡಿನಲ್ಲಿಟ್ಟ ಬಾನುಲಿ ಪೆಟ್ಟಿಗೆಯಲ್ಲಿ ಕುಳಿತು ಬಂದಿತು.

ದಸರೆಯ ರಾತ್ರಿಗಳಲ್ಲಿ ಸುಮಾರು ಒಂದು ಲಕ್ಷ ವಿದ್ಯುದ್ದೀಪಗಳು ಬೆಳಗುವ ಅರಮನೆಯ ಮುಂದಿನ ಬಯಲಿನಲ್ಲಿ ಈಗ ಸಾವಿರಾರು ಜನರು ಕುಳಿತು ಕಚೇರಿಗಳನ್ನು ಕೇಳುತ್ತಾರೆ. ಕೃಷ್ಣಪ್ಪನವರ ಮಂದಿರದಲ್ಲಿ ಅಷ್ಟು ದೀಪಗಳಿಲ್ಲ, ಅಷ್ಟು ಜನರೂ ಇಲ್ಲ. ಅಲ್ಲಿ ಶ್ರುತಿ ಹಿಡಿದ ತಂಬೂರಿಯು ಬಾಗಿಲಲ್ಲಿ ಚಪ್ಪಲಿ ಬಿಡುವವರಿಗೇ ಕೇಳಿಸುತ್ತದೆ.